ಹೇಂಟೆಯೂ ಸುಣ್ಣದ ಗೋಡೆಯೂ

ಹೇಂಟೆಯೊಂದು ಮರಿ ಮಾಡುವ ಆಸೆಯಿಂದ ಕಾವಿಗೆ ಕೂತಾಗಲೆಲ್ಲ ಮೊಟ್ಟೆಗಳು ಒಡೆದುಹೋಗುತ್ತಿದ್ದವು. ಸಿಪ್ಪೆ ಅಷ್ಟು ತೆಳು. ಗೂಡಿನ ತಳ ಗಡುಸಾಗಿರುವುದರಿಂದಲೇ ಒಡೆಯುತ್ತಿವೆಯೆಂದು ಭಾವಿಸಿ ಅದು ಪ್ರತಿ ಸಲವೂ ಇನ್ನಷ್ಟು ಹುಲ್ಲು ಹಾಸುತ್ತಿತ್ತು. ಒಂದು ಬೆಳಿಗ್ಗೆ ಹುಲ್ಲು ತರಲು ಹೊರಟಾಗ, ಹಳೆಯ ಸುಣ್ಣದ ಗೋಡೆಯನ್ನು ನೆಕ್ಕುತ್ತಿದ್ದ ಬಸವನಹುಳು ಕಣ್ಣಿಗೆ ಬಿತ್ತು.

"ಗೋಡೆ ನೆಕ್ಕುವಷ್ಟು ಗತಿಗೆಟ್ಟೆಯಾ ತಮ್ಮಾ?" ಎಂದು ಹೇಂಟೆ ನಕ್ಕಿತು. "ನನ್ನನ್ನು ನೋಡು. ಬಿಳಿ ಅಕ್ಕಿಯ ನುಚ್ಚು ಬಿಟ್ಟು ಬೇರೇನೂ ಮುಟ್ಟುವುದಿಲ್ಲ."

"ನನ್ನ ಚಿಪ್ಪು ಬೆಳೆಯುವುದೇ ಸುಣ್ಣದಿಂದ ಅಕ್ಕಾ. ನಿಮ್ಮ ಮೊಟ್ಟೆಯ ಸಿಪ್ಪೆಯೂ ಅದರದ್ದೇ. ನುಚ್ಚಿನಲ್ಲಿ ಅದು ಸಾಕಷ್ಟು ಸಿಗುವುದಿಲ್ಲ."

"ಹಾಗಾದರೆ ಇಷ್ಟು ದಿನ ಮೊಟ್ಟೆ ಇಟ್ಟದ್ದು ಹೇಗೆ?"

"ನಿಮ್ಮ ಮೂಳೆಯಿಂದಲೇ ಕಿತ್ತು ಕೊಟ್ಟಿದ್ದೀರಿ. ಕಾಲು ನಡುಗುತ್ತಿಲ್ಲವೇ?"

ನಡುಗುತ್ತಿತ್ತು. ಹೇಂಟೆ ಕ್ಷಣ ಯೋಚಿಸಿ ಕೊಕ್ಕು ಚಾಚಿತು. "ಹಾಗಿದ್ದರೆ ನಿನ್ನನ್ನೇ ನುಂಗುತ್ತೇನೆ. ಮೈತುಂಬ ಸುಣ್ಣ ಹೊತ್ತಿದ್ದೀಯಲ್ಲ!"

"ನುಂಗಿ. ನಾನು ಒಂದು ಮೊಟ್ಟೆಗೂ ಸಾಲುವುದಿಲ್ಲ. ನಾಳೆ ಏನು ಮಾಡುತ್ತೀರಿ? ಗೋಡೆಯ ಬುಡದಲ್ಲಿ ಉದುರಿದ ಚಕ್ಕೆಗಳಿವೆ. ದಿನವೂ ನಾಲ್ಕು ಹೆಕ್ಕಿ."

ಹೇಂಟೆ ಒಂದು ಚಕ್ಕೆ ಹೆಕ್ಕಿತು. "ಥೂ, ಸಪ್ಪೆ!" ಎಂದು ಮುಖ ಸಿಂಡರಿಸಿಕೊಂಡೇ ಇನ್ನೊಂದನ್ನೂ ಹೆಕ್ಕಿತು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಮುಂದಿನ ಕಾವಿನಲ್ಲಿ ಒಂದು ಮೊಟ್ಟೆಯೂ ಒಡೆಯಲಿಲ್ಲ. ಕೊನೆಗೆ ಒಳಗಿನಿಂದ ಮರಿಯೊಂದು ಕೂಗಿತು: "ಅಮ್ಮಾ, ಬೆಳಗಿನಿಂದ ಕುಕ್ಕುತ್ತಿದ್ದೇನೆ, ಬಿರುಕೇ ಬಿಡುತ್ತಿಲ್ಲ!"

"ಕುಕ್ಕು ಮಗಾ, ಇನ್ನೂ ಜೋರಾಗಿ ಕುಕ್ಕು!" ಎಂದು ಹೇಂಟೆ ಹಿಗ್ಗಿ ರೆಕ್ಕೆ ಬಡಿಯಿತು. "ಇಂಥ ದೂರು ಕೇಳಬೇಕೆಂದು ಎಷ್ಟು ಕಾದಿದ್ದೆ!"