ಶಲ್ಯದ ಕೆಳಗಿನ ಕೈ

“ಗುರುಗಳೇ, ಹೊಸ ಉದ್ಯಮಕ್ಕೆ ಬಂಡವಾಳ ಕೇಳಲು ಒಬ್ಬ ಧನಿಕರ ಬಳಿ ಹೋಗಿದ್ದೆ. ಹತ್ತು ಜನರೆದುರು ನನ್ನನ್ನು ಹೀಯಾಳಿಸಿದರು. ನಾಳೆ ಮತ್ತೆ ಬಾ ಎಂದಿದ್ದಾರೆ. ಇಂಥವರ ಮುಂದೆ ಹೇಗೆ ನಡೆದುಕೊಳ್ಳಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಡಗಿ ಇದ್ದ. ಜೋಡೆತ್ತು ಎಳೆಯುವ ಗಾಣವನ್ನು ಒಂದೇ ಎತ್ತು ಎಳೆಯುವಂತೆ ಮಾಡಿದ್ದ. ಕೆಲಸಗಾರ ಗಟ್ಟಿ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಅಂಥ ಹತ್ತು ಗಾಣ ಮಾಡಬೇಕೆಂದು ಇದ್ದ ಮನೆಯನ್ನೇ ಮಾರಿ ಮರಕ್ಕೆ ಮುಂಗಡ ಕೊಟ್ಟಿದ್ದ. ಸಂತೆಯ ದಿನ ಸಂಜೆಯೊಳಗೆ ಬಾಕಿ ನಾನೂರು ವರಹ ಕಟ್ಟದಿದ್ದರೆ ಮರವೂ ಇಲ್ಲ, ಮುಂಗಡವೂ ಇಲ್ಲ. ಮಾಡಿದ್ದ ಗಾಣವನ್ನು ಮಾರಲು ಗಾಡಿಯಲ್ಲಿ ಹೇರಿಕೊಂಡು ಸಂತೆಗೆ ಹೋದ.

ಆ ಸಂತೆಯಲ್ಲಿ ಹಣದ ಮಾತನ್ನು ಬಾಯಲ್ಲಿ ಆಡುವುದಿಲ್ಲ. ಶಲ್ಯದ ಕೆಳಗೆ ಕೈ ಸೇರಿಸಿ, ಕೊಳ್ಳುವವನು ಮಾರುವವನ ಬೆರಳು ಹಿಡಿಯುತ್ತಾನೆ. ಒಂದು ಬೆರಳಿಗೆ ನೂರು ವರಹ. ಕೈ ಎಳೆದುಕೊಂಡರೆ ವ್ಯವಹಾರ ಮುರಿಯಿತು. ಅದೇ ಇಬ್ಬರು ಆ ದಿನ ಮತ್ತೆ ಕೈ ಸೇರಿಸುವಂತಿಲ್ಲ.

ಒಬ್ಬ ವರ್ತಕ ಬಂದ. ಸುತ್ತ ಬೇರೆ ನಾಲ್ವರು ವರ್ತಕರು ನಿಂತು ನೋಡುತ್ತಿದ್ದರು. ಅವನು ಗಾಣವನ್ನು ಕಾಲಿನಿಂದ ಒದ್ದು ನೋಡಿದ. ಶಲ್ಯ ಹೊದಿಸಿ ಬಡಗಿಯ ಕೈ ಹಿಡಿದ.

“ಇದು ಗಾಣವೋ, ಒಲೆಗೆ ಹಾಕುವ ಕೊರಡೋ?” ಎಂದ. ಕೆಳಗೆ ಒಂದು ಬೆರಳು ಹಿಡಿದ.

“ನಿನಗೆ ಉಳಿ ಹಿಡಿಯಲು ಕಲಿಸಿದವನಿಗೆ ಕಣ್ಣಿತ್ತೇ?” ಎಂದ. ಎರಡು ಬೆರಳಾಯಿತು, ಮೂರಾಯಿತು. ಜನ ನಕ್ಕರು. ಬಡಗಿ ಹಲ್ಲು ಕಚ್ಚಿ ನಿಂತ. ಇನ್ನೊಂದು ಬೆರಳು ಸಾಕಾಗಿತ್ತು.

“ನಿನ್ನಪ್ಪನೂ ಹೀಗೇ ಮರ ಕೆಡಿಸಿ ಕೆಡಿಸಿಯೇ ಸತ್ತನೇ?” ಎಂದ ವರ್ತಕ. ಅವನ ಕೈ ನಾಲ್ಕನೆಯ ಬೆರಳಿಗೆ ತಾಗಿತ್ತು.

ಬಡಗಿ ಕೈ ಕಿತ್ತುಕೊಂಡ. ವರ್ತಕನ ಏಳು ತಲೆಮಾರನ್ನು ಜಾಲಾಡಿದ. ಸಂತೆಗೆ ಸಂತೆಯೇ ಭಲೇ ಎಂದಿತು. ಆದರೆ ಆ ವರ್ತಕನಿಗೇ ಬೇಡವಾದ ಸರಕು ನಮಗೇಕೆ ಎಂದು ಉಳಿದ ನಾಲ್ವರೂ ಹತ್ತಿರ ಸುಳಿಯಲಿಲ್ಲ. ಹೊತ್ತು ಇಳಿಯಿತು. ಮರ ಬೇರೆಯವರ ಪಾಲಾಯಿತು.

ಬಡಗಿ ಹೊರಡುವಾಗ ಅದೇ ವರ್ತಕ ಗಾಡಿಯ ಬಳಿ ಬಂದು ಮೆಲ್ಲಗೆ ಹೇಳಿದ: “ನಾನು ಹೊಗಳಿದ್ದರೆ ಆ ನಾಲ್ವರೂ ನಿನ್ನ ಕೈಗೆ ಮುಗಿಬೀಳುತ್ತಿದ್ದರು. ನಿನ್ನ ಗಾಣ ನನಗೆ ಬೇಕಾಗಿತ್ತಯ್ಯಾ. ಐದು ಬೆರಳೂ ಹಿಡಿಯುವವನಿದ್ದೆ.”

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. “ಆ ವರ್ತಕನನ್ನು ದೊಡ್ಡ ಮನುಷ್ಯ ಎಂದುಕೊಳ್ಳಬೇಡ. ಅವನ ನಾಲಿಗೆಗೆ ನಾಚಿಕೆಯಿರಲಿಲ್ಲ. ನೆನೆದರೆ ನನಗೇ ಸಿಟ್ಟು ಬರುತ್ತದೆ,” ಎಂದರು.

ಶಿಷ್ಯ ಥಟ್ಟನೆ ಕೇಳಿದ: “ಮತ್ತೆ, ಹೆತ್ತ ತಂದೆಯನ್ನು ಬೈದರೂ ಬಡಗಿ ಬಾಯಿ ಮುಚ್ಚಿಕೊಂಡಿರಬೇಕಿತ್ತೇ?”

ಗುರುಗಳು ಹೇಳಿದರು: “ಬೇಕಿರಲಿಲ್ಲ. ಬಾಯಿಗೆ ಬಾಯಿಯೇ ಉತ್ತರ ಕೊಡಲಿ. ಕೈಯನ್ನೇಕೆ ಕಿತ್ತುಕೊಂಡ? ಅದನ್ನು ಯಾರು ಬೈದಿದ್ದರು?”