ಉದುರಿದ ಹೆಸರು

ಹೊಳೆಯ ದಂಡೆಯಲ್ಲಿ ಸುಂಕಮ್ಮ ಇದ್ದಳು. ಹಚ್ಚೆ ಹಾಕುವವಳು. ಒಂದು ತಗಡಿನ ಮನೆ, ಅದರ ಮುಂದೆ ಒಂದು ಚಪ್ಪರ. ಅಷ್ಟೇ.

ಅವಳ ಹತ್ತಿರ ಕಲಿಯಲು ಗಾದಿಲಿಂಗ ಬಂದ.

ಅವನು ಲಾರಿಗಳ ಮೇಲೆ, ಅಂಗಡಿಗಳ ಮೇಲೆ ಹೆಸರು ಬರೆಯುತ್ತಿದ್ದವನು. ಫ್ಲೆಕ್ಸ್ ಬಂತು, ಆ ಕೆಲಸ ಹೋಯಿತು. ಅಕ್ಷರ ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಜನ ಈಗ ಮೈಮೇಲೆ ಹೆಸರು ಬರೆಸಿಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಬಂದ.

“ಯವ್ವಾ, ಪೇಟೆಯಾಗ ಎರಡು ಥರದ ಮಷೀನ್ ಅದಾವು. ಒಂದು ಭಾರ, ದುಂಬಿಯಂಗ ಗುಂಯ್ ಅಂತೈತಿ. ಇನ್ನೊಂದು ಪೆನ್ನಿನಂಗ ಹಗುರ, ಸದ್ದಿಲ್ಲ. ಯಾವ್ದು ತಗೊಳ್ಳಲಿ?”

“ಎರಡೂ ತಗೊಂಡು ಬಾ.”

ಅಂಗಡಿಯವನ ಕೈಕಾಲು ಹಿಡಿದು ಎರಡನ್ನೂ ತಂದ.

ಸುಂಕಮ್ಮ ಅವನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿದಳು. ಒಂದು ಮಷೀನಿನಿಂದ ಮೀನಖಂಡದ ಮೇಲೆ ಒಂದು ಗೆರೆ ಎಳೆದಳು. ಇನ್ನೊಂದರಿಂದ ಅದರ ಪಕ್ಕ ಇನ್ನೊಂದು ಗೆರೆ.

ಗಾದಿಲಿಂಗ ಹಲ್ಲು ಕಚ್ಚಿ ಕೂತಿದ್ದ.

“ಯಾವ್ದು ಜಾಸ್ತಿ ನೋಯ್ತು?”

“ಎರಡೂ ಅಷ್ಟೇ ಯವ್ವಾ.”

“ಹಂಗಾರ ಯಾವ್ದಾದ್ರೂ ತಗೋ.”

ಹಗುರದ್ದನ್ನು ಇಟ್ಟುಕೊಂಡ. ಭಾರದ್ದನ್ನು ಹಿಂದಿರುಗಿಸಿದ.

“ಇಂಕು ಎಂಥಾದ್ದು ತರಲಿ?”

“ನಿನಗ ಹುಟ್ಟಿದ ಕೂಸಿನ ಮೈಗೆ ಹಾಕಾಕ ಅಂಜಿಕಿ ಆಗಬಾರದು. ಅಂಥಾದ್ದು.”

“ಸೂಜಿ?”

“ಒಬ್ಬರಿಗೆ ಒಂದು. ಮುಗೀತಂದ್ರ ಡಬ್ಬಿಗೆ ಹಾಕಿ ಬಾಯಿ ಮುಚ್ಚು. ಅದ್ರಾಗ ಜಿಪುಣತನ ಮಾಡಿದ್ರ ಈ ಚಪ್ಪರದಾಗ ಕಾಲಿಡಬ್ಯಾಡ.”

“ಕೈಗೆ ಗ್ಲೌಸು ಹಾಕ್ಕೋಬೇಕೇನು?”

“ಅದನ್ನೂ ಕೇಳ್ತೀಯೇನೋ ಮಳ್ಳಾ?”

ಕಲಿಕೆ ಶುರುವಾಯಿತು.

ಮೊದಲು ಬಾಳೆಹಣ್ಣಿನ ಸಿಪ್ಪೆ. ಆಮೇಲೆ ಕುಂಬಳಕಾಯಿ. ಆಮೇಲೆ ಅವನದೇ ತೊಡೆ.

“ಎಡಗೈಲೆ ಚರ್ಮ ಎಳೆದು ಹಿಡಿ,” ಅಂದಳು ಸುಂಕಮ್ಮ. “ಸೂಜಿ ಮ್ಯಾಲೆ ಮ್ಯಾಲೆ ಹೋದ್ರ ಇಂಕು ಹಕ್ಕಳೆ ಜೋಡಿ ಉದುರ್ತೈತಿ. ಬಾಳ ಕೆಳಗ ಹೋದ್ರ ಹರಡಿ ಕಲೆ ಆಗ್ತೈತಿ. ನಡುವ ಒಂದು ಜಾಗ ಐತಿ.”

“ಅದು ಹೆಂಗ ಗೊತ್ತಾಗೂದು ಯವ್ವಾ?”

“ನಿನ್ನ ತೊಡಿನ್ನ ಕೇಳು.”

ತೊಡೆಯ ಮೇಲೆ ಗಾದಿಲಿಂಗ ತನ್ನ ಹೆಸರನ್ನೇ ಬರೆದುಕೊಂಡ. ಹಕ್ಕಳೆ ಕಟ್ಟಿತು, ಉದುರಿತು. ಹೆಸರು ಕಪ್ಪಗೆ ಹಾಗೇ ಉಳಿಯಿತು. ಸುಂಕಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಅವಳು ಗೆರೆ ಎಳೆಯಬಲ್ಲಳು, ಅಕ್ಷರ ಆಗುತ್ತಿರಲಿಲ್ಲ. ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

“ನಿಂತೈತಿ,” ಅಂದಳು.

“ಇನ್ನ ಮಂದಿಗೆ ಹಾಕಲೇನು?”

“ನಿನ್ನ ಮೈ ನಿನ್ನ ಮಾತು ಕೇಳ್ತು. ಮಂದಿ ಮೈ ಏನಂತೈತೋ ನೋಡೋಣು.”

ಮೊದಲು ಬಂದವಳು ಹುಲಿಗೆಮ್ಮ. ಹೊಳೆಯಾಚೆಯ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವಳು. ಇನ್ನೂ ಸಣ್ಣ ವಯಸ್ಸು. ಇಟ್ಟಿಗೆ ಹೊತ್ತು ಅಂಗೈ ಬಿರಿದಿತ್ತು. ತೋಳನ್ನು ಮುಂದೆ ಚಾಚಿ, ಮೊಣಕೈಯ ಒಳಬದಿಯ ಮೆತ್ತನೆ ಚರ್ಮ ತೋರಿಸಿದಳು.

“ಇಲ್ಲಿ ಬರಿ ತಮ್ಮಾ. ಯಂಕೋಬ ಅಂತ.”

“ಯಾರಕ್ಕಾ ಯಂಕೋಬ?”

“ಮಗ.”

“ಸಾಲಿಗೆ ಹೋಗ್ತಾನೇನ್ರಿ?”

ಹುಲಿಗೆಮ್ಮ ಸೆರಗಿನಿಂದ ಆ ಜಾಗವನ್ನು ಮತ್ತೊಮ್ಮೆ ಒರೆಸಿದಳು.

ಸುಂಕಮ್ಮ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದಳು. “ಮಾತು ಬಿಟ್ಟು ಮಷೀನ್ ನೋಡ್ಕೋ,” ಅಂದಳು.

ಆಮೇಲೆ ಹುಲಿಗೆಮ್ಮನೇ ಹೇಳಿದಳು.

“ಜ್ವರ ಬಂದಿತ್ತು. ಹೋದ. ಒಂದು ಫೋಟೋನೂ ಇಲ್ಲ ತಮ್ಮಾ. ಇನ್ನೊಂದೀಟು ದೊಡ್ಡವನಾಗಲಿ, ತೆಗಿಸೋಣು ಅಂತ ಬಿಟ್ಟಿದ್ವಿ.”

ಗಾದಿಲಿಂಗ ತಲೆ ಎತ್ತಲಿಲ್ಲ. “ಇಲ್ಲೇ ಯಾಕಕ್ಕಾ? ಈ ಜಾಗ ಬಾಳ ನೋಯ್ತೈತಿ. ತೋಳಿನ ಹೊರಗ ಹಾಕ್ತೀನಿ.”

“ಇಲ್ಲೇ ತಲಿ ಇಟ್ಟು ಮಲಗ್ತಿದ್ದ.”

ಅವಳು ಸುಂಕಮ್ಮನ ಕಡೆ ತಿರುಗಿದಳು. “ಯವ್ವಾ, ನಾ ಸತ್ತಾಗ ಬಳಿ ತೆಗೀತಾರ. ಮೂಗಬಟ್ಟು ತೆಗೀತಾರ. ಹಚ್ಚೆ ಯಾರೂ ತೆಗಿಯಾಕ ಆಗೂದಿಲ್ಲಂತ. ಮ್ಯಾಲೆ ಹೋಗೂತನ ಜೋಡಿ ಬರ್ತೈತಂತ. ಹೌದೇನು?”

“ಹೌದು,” ಅಂದಳು ಸುಂಕಮ್ಮ.

ಗಾದಿಲಿಂಗ ಸೂಜಿ ಇಳಿಸಿದ.

ಅವಳು ಕೂಗಲಿಲ್ಲ. ಕೈ ಎಳೆದುಕೊಳ್ಳಲಿಲ್ಲ. ಕಣ್ಣಿನಿಂದ ಮಾತ್ರ ನೀರು ಇಳಿಯಿತು. ಒಂದು ಹನಿ ಅವನ ಎಡಗೈಯ ಗ್ಲೌಸಿನ ಮೇಲೆ ಬಿತ್ತು.

ಅವನ ಬಲಗೈ ತಾನಾಗಿಯೇ ಮೇಲೆ ಬಂತು.

ಹಗುರ ಮಾಡಿದ. ಅಂಗಡಿ ಬೋರ್ಡಿನ ಮೇಲೆ ಕುಂಚ ಆಡಿಸುವ ಹಾಗೆ ಆಡಿಸಿದ. ಚರ್ಮದ ಮೇಲೆ ಅಕ್ಷರ ಮೂಡುತ್ತಿತ್ತು. ಅವಳ ಮುಖ ಸಡಿಲವಾಯಿತು. ಅವನಿಗೂ ಉಸಿರು ಬಂತು.

ಸದ್ದಿಲ್ಲದ ಮಷೀನು. ಸುಂಕಮ್ಮನಿಗೆ ಕಿವಿಯಿಂದಲೂ ತಿಳಿಯಲಿಲ್ಲ.

“ಇಳೀತೇನೋ?” ಎಂದು ಕೇಳಿದಳು.

ಗಾದಿಲಿಂಗ ಬೆಚ್ಚಿದ. ಸೂಜಿ ಒಂದು ಕಡೆ ಒತ್ತಿತು.

“ಇಳೀತು ಯವ್ವಾ.”

ಮುಗಿದಾಗ ಹೆಸರು ಚೆಂದ ಕಾಣುತ್ತಿತ್ತು. ಲಾರಿಯ ಹಣೆಯ ಮೇಲೂ ಅವನು ಅಷ್ಟು ಚೆಂದ ಬರೆದಿರಲಿಲ್ಲ. ಹುಲಿಗೆಮ್ಮನಿಗೆ ಓದಲು ಬರುತ್ತಿರಲಿಲ್ಲ. “ಯಾವ ಕಡೆಯಿಂದ ಶುರು?” ಎಂದು ಕೇಳಿದಳು. ಗಾದಿಲಿಂಗ ತೋರಿಸಿದ. ಅವಳು ಅಕ್ಷರಗಳ ಮೇಲೆ ಗಾಳಿಯಲ್ಲೇ ಬೆರಳಾಡಿಸಿದಳು. ತೋಳು ಮಡಚಿ ಎದೆಗೆ ಹಿಡಿದುಕೊಂಡು ಹೋದಳು.

ಸ್ವಲ್ಪ ದಿನ ಕಳೆಯಿತು. ಒಂದು ಮಧ್ಯಾಹ್ನ ಮತ್ತೆ ಬಂದಳು.

ಕೂತು ತೋಳು ಚಾಚಿದಳು.

ಹೆಸರು ಇರಲಿಲ್ಲ. ಬೂದಿ ಬಣ್ಣದ ಮಸುಕು ಇತ್ತು. ಒಂದು ಚುಕ್ಕೆ ಮಾತ್ರ ಕಪ್ಪಗೆ ಉಳಿದಿತ್ತು, ಅವನು ಬೆಚ್ಚಿ ಒತ್ತಿದ ಕಡೆ.

“ನಾನೇ ಏನೋ ತಪ್ಪು ಮಾಡೀನಿ,” ಅಂದಳು ಹುಲಿಗೆಮ್ಮ. “ನೀರು ತಾಗಿಸಬ್ಯಾಡ ಅಂದಿದ್ದಿ. ತಾಗಿಸಲಿಲ್ಲ. ಇಟ್ಟಿಗಿ ಹೊರುವಾಗ ಬೆವರು ಹರೀತೋ ಏನೋ. ಒಂದೊಂದೇ ಅಕ್ಷರ ಉದುರ್ತು ತಮ್ಮಾ. ಅವನೂ ಹಿಂಗೇ ಹೋದ. ನಾ ನೋಡ್ಕೋತ ಕುಂತಿದ್ದೆ.”

ಸೆರಗಿನ ತುದಿಯಲ್ಲಿ ಒಂದು ಗಂಟು ಇತ್ತು. ಬಿಚ್ಚಿದಳು. ಒಳಗೆ ಕಪ್ಪು ಹೊಟ್ಟಿನಂಥದ್ದು. ಉದುರಿದ ಹಕ್ಕಳೆ.

“ಒಂದೂ ಬಿಡದಂಗ ಆರಿಸಿ ಇಟ್ಟೀನಿ,” ಅಂದಳು. “ಮತ್ತ ಅಂಟಸಾಕ ಬರ್ತೈತೇನು?”

ಗಾದಿಲಿಂಗ ಆ ಕಪ್ಪು ಚುಕ್ಕೆಯನ್ನೇ ನೋಡುತ್ತಿದ್ದ.

ಸುಂಕಮ್ಮ ಅವನ ಕಡೆ ಮುಖ ಮಾಡಿದಳು. ಆ ಮಬ್ಬುಗಣ್ಣು ಅವನನ್ನು ನೋಡಿತೋ ಇಲ್ಲವೋ. “ಹೇಳು,” ಅಂದಳು.

“ನಿಂದು ತಪ್ಪಿಲ್ಲಕ್ಕಾ. ತಪ್ಪು ನಂದು. ಸೂಜಿ ಇಳಿಸಲಿಲ್ಲ.”

“ಯಾಕ?”

“ನಿನಗ ನೋಯ್ತೈತಿ ಅಂತ.”

ಹುಲಿಗೆಮ್ಮ ಅವನನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಚೆನ್ನಾಗಿರುತ್ತಿತ್ತು.

“ನೋಯಬ್ಯಾಡ ಅಂತ ನಾ ಕೇಳಿದ್ನೇನು?” ಅಂದಳು.

ಸುಂಕಮ್ಮ ಕೈ ಚಾಚಿ ಆ ಸೆರಗಿನ ತುದಿ ಹಿಡಿದಳು. ತಡವಿ ತಡವಿ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದಳು. ಹುಲಿಗೆಮ್ಮನ ಮಡಿಲಲ್ಲಿಟ್ಟಳು.

“ಚರ್ಮ ದಣಿದೈತಿ. ಈಗ ಚುಚ್ಚಾಕ ಬರೂದಿಲ್ಲ. ಬರೂ ಅಮಾಸಿ ಕಳೀಲಿ, ಆಮ್ಯಾಲೆ ಬಾ.”

“ಅಲ್ಲಿತನಾ ಬರಿಗೈಲೆ ಇರಬೇಕೇನು ಯವ್ವಾ?”

“ಇರಬೇಕು.”

ಹುಲಿಗೆಮ್ಮ ಎದ್ದು ಹೋದಳು. ಈ ಸಲ ತೋಳು ಮಡಚಿರಲಿಲ್ಲ. ಅದು ಸುಮ್ಮನೆ ಜೋತು ಬಿದ್ದಿತ್ತು.

ಗಾದಿಲಿಂಗ ಆ ದಿನ ಉಣ್ಣಲಿಲ್ಲ. ಮರುದಿನ ಮಷೀನನ್ನು ಸುಂಕಮ್ಮನ ಮುಂದಿಟ್ಟ.

“ಇದು ಹಗುರ ಆತು ಯವ್ವಾ. ಕೈಯಾಗ ಇದ್ದದ್ದೇ ಗೊತ್ತಾಗೂದಿಲ್ಲ. ಭಾರದ್ದು ತಗೋಬೇಕಿತ್ತು. ಭಾರಕ್ಕ ತಾನೇ ಇಳೀತಿತ್ತು.”

“ಬದಲಿಸ್ಕೊಂಡು ಬಾ.”

ಹೋದ. ಭಾರದ್ದನ್ನು ತಂದ. ಚಾಲೂ ಮಾಡಿ ನೋಡಿದ. ಗುಂಯ್ ಎಂದಿತು.

ಸುಂಕಮ್ಮ ತನ್ನ ಮುಂಗೈ ಚಾಚಿದಳು. ಅದರ ತುಂಬ ಹಳೆಯ ಹಚ್ಚೆ. ತುಳಸಿಕಟ್ಟೆ, ಚೇಳು, ತೊಟ್ಟಿಲು, ಎಲ್ಲ ಹಸಿರುಗಟ್ಟಿ ಒಂದಕ್ಕೊಂದು ಸೇರಿಕೊಂಡಿದ್ದವು. ಮಣಿಕಟ್ಟಿನ ಹತ್ತಿರ ಒಂದು ಬೆರಳಿನಷ್ಟು ಖಾಲಿ ಜಾಗ ಇತ್ತು.

“ಇಲ್ಲೊಂದು ಗೆರಿ ಹಾಕು.”

ಗಾದಿಲಿಂಗ ಸೂಜಿ ತಾಗಿಸಿದ.

“ಅಯ್ಯಯ್ಯೋ! ಸತ್ನೆಪೋ! ಕೊಂದ್ನೆಪೋ ಈ ಮಗಾ!”

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಎದ್ದು ನಿಂತರು. ಗಾದಿಲಿಂಗ ಕೈಯನ್ನು ಮೇಲೆತ್ತಿ ಬಿಟ್ಟಿದ್ದ. ಮಷೀನು ಗಾಳಿಯಲ್ಲಿ ಗುಂಯ್ ಅನ್ನುತ್ತಿತ್ತು.

ಸುಂಕಮ್ಮ ಬಾಯಿ ಮುಚ್ಚಿದಳು. ಮುಖ ಎಂದಿನಂತೆ ಆಯಿತು.

“ಮಷೀನ್ ಬದಲಾಗೈತಿ,” ಅಂದಳು. “ಕೈ ಅದೇ ಐತಿ.”

ಮತ್ತೆ ಚಾಚಿದಳು. ಮತ್ತೆ ಕೂಗಿದಳು. ಅವನ ಅಪ್ಪನನ್ನು ಬೈದಳು, ಅಜ್ಜನನ್ನು ಬೈದಳು. “ನಿನ್ನ ಕೈಗೆ ಕರಿ ನಾಗರ ಕಡೀಲಿ” ಅಂದಳು. ಒಗೆಯುವ ಹೆಂಗಸೊಬ್ಬಳು, “ಮುದುಕಿನ್ನ ಏನ ಮಾಡಾಕ ಹತ್ತೀಯೋ?” ಎಂದು ದಡಕ್ಕೆ ಓಡಿ ಬಂದಳು. ಗಾದಿಲಿಂಗ ಬೆವೆತ. ಚರ್ಮ ಎಳೆದು ಹಿಡಿದೇ ಇದ್ದ. ಗೆರೆ ಈ ತುದಿಯಿಂದ ಆ ತುದಿಗೆ ಮುಟ್ಟಿತು.

ಸುಂಕಮ್ಮ ತಕ್ಷಣ ಸುಮ್ಮನಾದಳು. ಓಡಿ ಬಂದವಳಿಗೆ, “ಏನಿಲ್ಲವ್ವ, ಹಾಡು ಹೇಳ್ತಿದ್ದೆ, ಹೋಗು,” ಅಂದಳು.

ಗಾದಿಲಿಂಗನಿಗೆ ನಗು ಬರಲಿಲ್ಲ.

“ನೀ ಸುಳ್ಳ ಕೂಗಿದಿ ಯವ್ವಾ. ಆಕಿ ಅಳೂದು ಖರೇ.”

ಸುಂಕಮ್ಮ ಮಣಿಕಟ್ಟಿನ ರಕ್ತ ಒರೆಸಿಕೊಂಡಳು.

ಅಮಾವಾಸ್ಯೆ ಬಂತು, ಹೋಯಿತು. ಗಾದಿಲಿಂಗ ತನ್ನ ಬಟ್ಟೆಯನ್ನು ಒಂದು ಚೀಲಕ್ಕೆ ತುಂಬಿದ.

“ಎಲ್ಲಿಗೋ?”

“ಆಕಿ ಬರೂದರೊಳಗ ಹೋಗ್ತೀನಿ. ಗೋಡಿಗೆ ಬರೀತೀನಿ, ಗಾಡಿಗೆ ಬರೀತೀನಿ. ಕೂಲಿಯಾದ್ರೂ ಮಾಡ್ತೀನಿ. ಇನ್ನೊಮ್ಮೆ ಆಕಿಗೆ ನೋವು ಕೊಡಾಕ ನನ್ನಿಂದ ಆಗೂದಿಲ್ಲ.”

“ನೀ ಕೊಡಲಿಲ್ಲಂದ್ರ ಆಕಿಗೆ ನೋವು ಇಲ್ಲೇನು?”

ಅವನು ಚೀಲ ಹಿಡಿದುಕೊಂಡು ನಿಂತ.

“ಕುಂದ್ರು,” ಅಂದಳು ಸುಂಕಮ್ಮ. “ಹೋಗೂದಾದ್ರ ಆಕಿಗೆ ಹೇಳಿ ಹೋಗು. ನಾ ಹೇಳೂದಿಲ್ಲ.”

ಕೂತ. ಆ ಮಾತನ್ನು ಹೇಳಬೇಕೆಂದೇ ಕೂತ.

ಹೊತ್ತು ಏರುವ ಮುಂಚೆ ಹುಲಿಗೆಮ್ಮ ಬಂದಳು. ಭಟ್ಟಿಯ ಕೆಂಪು ಧೂಳು ಕೂದಲಲ್ಲಿತ್ತು. ತೋಳನ್ನು ಮಾತ್ರ ಹೊಳೆಯಲ್ಲಿ ತೊಳೆದು ಬಂದಿದ್ದಳು. ಅದಿನ್ನೂ ಒದ್ದೆಯಿತ್ತು. ಗಾದಿಲಿಂಗನ ಮುಂದೆ ಕೂತಳು. ತೋಳು ಚಾಚಿದಳು.

ಅವನು ಬಾಯಿ ತೆರೆದ. ಹೇಳಬೇಕೆಂದಿದ್ದದ್ದು ಬರಲಿಲ್ಲ.

“ನೋಯ್ತೈತಕ್ಕಾ,” ಅಂದ.

“ಹಾಕು.”

ಕೈ ತೊಳೆದ. ಗ್ಲೌಸು ಹಾಕಿದ. ಎಡಗೈಯಿಂದ ಚರ್ಮ ಎಳೆದು ಹಿಡಿದ. ಇಳಿಸಿದ.

ಈ ಸಲ ಇಳಿಯಿತು. ಅವನಿಗೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಸೆರಗು ಬಾಯಿಗೆ ತುರುಕಿಕೊಂಡಳು. ಮೊದಲ ಅಕ್ಷರ ಮುಗಿಯಿತು. ಎರಡನೆಯದಕ್ಕೆ ಸೂಜಿ ಇಟ್ಟ.

ಸೆರಗು ಬಾಯಿಂದ ಬಿತ್ತು.

“ಯಂಕೋಬಾ!”

ಅದು ಒಳಗೆಲ್ಲೋ ಇದ್ದದ್ದು. ಮಣ್ಣು ಮಾಡಿದ ದಿನವೂ ಹೊರಗೆ ಬಂದಿರಲಿಲ್ಲ. ಈಗ ಬಂತು. “ಯಂಕೋಬಾ, ನನ್ನಪ್ಪಾ, ಎಲ್ಲಿ ಹೋದ್ಯೋ, ಯಾರ ಹತ್ರ ಮಲಗೀಯೋ ನನ ಮಗನೇ…”

ಈ ಸಲ ಹೊಳೆಯಿಂದ ಯಾರೂ ಓಡಿ ಬರಲಿಲ್ಲ. ಒಗೆಯುವ ಸದ್ದು ನಿಂತಿತು.

ಗಾದಿಲಿಂಗನ ಕಣ್ಣು ಮಂಜಾಯಿತು. ಅಕ್ಷರ ಕಾಣಲಿಲ್ಲ. ಮಷೀನು ಎತ್ತಿದ. ಅವಳ ತೋಳಿನ ಮೇಲೆ ಹೆಸರಿನ ಮೊದಲ ಭಾಗ ರಕ್ತದ ಹನಿಗಳ ನಡುವೆ ಕಪ್ಪಗೆ ನಿಂತಿತ್ತು.

“ಸಾಕು ಮಾಡೋಣು ಯವ್ವಾ,” ಅಂದ. “ಉಳಿದದ್ದು ಇನ್ನೊಂದು ದಿನ ಹಾಕ್ತೀನಿ. ನೋಡು, ಆಕಿ ಹೆಂಗ ಅಳಾಕ ಹತ್ಯಾಳ.”

ಹುಲಿಗೆಮ್ಮ ಅಳುತ್ತಲೇ ಇದ್ದಳು. ತೋಳನ್ನು ಹಿಂದಕ್ಕೆ ಎಳೆದುಕೊಂಡಿರಲಿಲ್ಲ.

ಸುಂಕಮ್ಮ ಕಂಬ ಬಿಟ್ಟು ತೆವಳುತ್ತ ಬಂದಳು. ಹುಲಿಗೆಮ್ಮನ ಹಿಂದೆ ಕೂತಳು. ಅವಳ ತಲೆಯನ್ನು ಎಳೆದು ತನ್ನ ಹೆಗಲಿಗೆ ಒರಗಿಸಿಕೊಂಡಳು.

“ಅರ್ಧ ಮಗನ್ನ ಎತ್ಕೊಂಡು ಮನಿಗೆ ಹೋಗಂತೀಯೇನೋ?” ಅಂದಳು. “ಮುಗಿಸು.”