ತಣ್ಣಗಿದ್ದ ಕೇಬಲ್

ಮಡಿವಾಳಯ್ಯ ಕೇಳಿದ: "ಅಜ್ಜಾರೇ, ನಿಮ್ಮ ಪಕ್ಕದಲ್ಲಿದ್ದ ಇಷ್ಟು ವರ್ಷ ನನಗೆ ಸಿಟ್ಟು ಬರಲಿಲ್ಲ. ದೂರ ಹೋದೊಡನೆ ಬರುತ್ತದೆ. ಏಕೆ?"

ಮಠದ ಅಜ್ಜನವರು ಅವನನ್ನು ದೂರದ ಊರೊಂದರ ಮಕ್ಕಳ ಪ್ರಸಾದ ನಿಲಯಕ್ಕೆ ಕಳಿಸಿದ್ದರು. ಅವನು ದಿನವೂ ಅಜ್ಜನವರ ಮಾತುಗಳನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ. ಮೊನ್ನೆ ಊಟದ ಹೊತ್ತಿಗೆ ಒಂದು ಮಗು ತಟ್ಟೆಯ ಸಾರು ಚೆಲ್ಲಿತು. ಇವನ ಕೈ ಮೇಲೆದ್ದಿತು. ಅದು ಬೀಳುವ ಮೊದಲೇ ಮಗು ಊಟ ಬಿಟ್ಟು ಓಡಿತು. ಈಗ ಇವನನ್ನು ಕಂಡರೆ ಕಂಬದ ಹಿಂದೆ ನಿಲ್ಲುತ್ತದೆ.

"ನನ್ನನ್ನು ಇಲ್ಲಿಗೇ ಕರೆಸಿಕೊಳ್ಳಿ. ನಿಮ್ಮ ಕಾಲ ಬಳಿ ಇದ್ದರೆ ನಾನು ಒಳ್ಳೆಯವನು."

"ಒಳ್ಳೆಯವನೇನೋ ಹೌದು. ಇಲ್ಲಿ ಸಾರು ಚೆಲ್ಲುವವರು ಯಾರೂ ಇರಲಿಲ್ಲವಲ್ಲ," ಎಂದರು ಅಜ್ಜನವರು. "ಕುಳಿತುಕೋ. ಒಂದು ಕಾರಿನ ಕತೆ ಹೇಳುತ್ತೇನೆ."

ಒಬ್ಬ ಡ್ರೈವರ್ ಇದ್ದ. ಅವನ ಊರಿಗೆಲ್ಲ ಒಂದೇ ಕಾರು, ಅದು ಅವನದು. ಹಳೆಯ ಕಾರಿಗೆ ಅವನು ದೊಡ್ಡದೊಂದು ಡೀಸೆಲ್ ಎಂಜಿನ್ ಕೂಡಿಸಿದ. ಬಾನೆಟ್ಟಿನ ಕೆಳಗೆ ಎಂಜಿನ್ನೂ ಬ್ಯಾಟರಿಯೂ ಒಂದೇ ಮನೆಯ ಸವತಿಯರ ಹಾಗೆ ಒತ್ತಿಕೊಂಡು ಕುಳಿತವು. ಎಂಜಿನ್ನಿನ ಕಾವಿಗೆ ಬ್ಯಾಟರಿಯ ನೀರು ಬತ್ತಿತು. ಹೊಸ ಬ್ಯಾಟರಿ ತಂದರೆ ಅದೂ ಸತ್ತಿತು. ಕೊನೆಗೆ ಅವನು ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೆ ಸಾಗಿಸಲು ನಿಶ್ಚಯಿಸಿದ.

ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ಹಳೆಯ ಕೇಬಲನ್ನು ಬಿಚ್ಚಿಕೊಂಡು ಪೇಟೆಗೆ ಹೋದ. ಅದು ಒಂದು ಮೊಳ ಉದ್ದವಿತ್ತು, ಕಿರುಬೆರಳಿನಷ್ಟು ದಪ್ಪವಿತ್ತು. ವಾಹನದ ಸಾಮಾನು ಮಾರುವ ಅಂಗಡಿಯ ಹೆಂಗಸಿನ ಮುಂದೆ ಅದನ್ನಿಟ್ಟ.

"ಇದೇ ದಪ್ಪದ್ದು ಕೊಡಿ ಅಕ್ಕಾ. ಉದ್ದ ಮಾತ್ರ ಡಿಕ್ಕಿಯವರೆಗೆ ಬರಬೇಕು."

"ಉದ್ದ ಹೆಚ್ಚಿದರೆ ದಪ್ಪವೂ ಹೆಚ್ಚಬೇಕಪ್ಪ. ತೆಳ್ಳನೆಯ ಕೇಬಲ್ಲಿನ ಹೊಟ್ಟೆ ಯಾವಾಗಲೂ ಹಸಿದಿರುತ್ತದೆ. ನೀನು ಕಳಿಸಿದ್ದನ್ನು ದಾರಿಯಲ್ಲೇ ತಿಂದು ಮುಗಿಸುತ್ತದೆ."

ಡ್ರೈವರ್ ನಕ್ಕ. "ಬ್ಯಾಟರಿ ಅದೇ, ಎಂಜಿನ್ ಅದೇ. ನಡುವಿನ ತಂತಿಗೇಕೆ ಹಬ್ಬದೂಟ?"

"ದೂರ ಅದೇ ಅಲ್ಲವಲ್ಲ," ಎಂದಳು ಅವಳು. ಆದರೂ ಗಿರಾಕಿ ಕೇಳಿದ್ದನ್ನೇ ಕತ್ತರಿಸಿ ಕೊಟ್ಟಳು.

ಅವನು ಕೇಬಲನ್ನು ಕಾರಿನ ಹಾಸಿನಡಿ ಎಳೆದ. ದೀಪ ಹಾಕಿದ, ಉರಿಯಿತು. ಹಾರನ್ ಒತ್ತಿದ, ಓಣಿಯ ಕೋಳಿಗಳು ಗೋಡೆ ಹತ್ತಿದವು. ಕೀ ತಿರುಗಿಸಿದ. ಎಂಜಿನ್ ಸ್ವಲ್ಪ ಯೋಚಿಸಿತು, ಆಮೇಲೆ ಹತ್ತಿಕೊಂಡಿತು. ಆ ಯೋಚನೆ ಏನೆಂದು ಅವನು ಕೇಳಲಿಲ್ಲ. ಅಂಗಡಿಯವಳಿಗಿಂತ ತಾನೇ ಜಾಣ ಎಂದುಕೊಂಡು ಮೀಸೆ ತಿರುವಿದ.

ಅವನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ನೋವು ಎದ್ದಿತು. ಆಸ್ಪತ್ರೆ ಇದ್ದದ್ದು ಪೇಟೆಯಲ್ಲಿ. ಅವಳನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಅವನು ಕೀ ತಿರುಗಿಸಿದ. ಎಂಜಿನ್ ಒಮ್ಮೆ ಮುಲುಗಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೆ ಮುಲುಗಿತು. ದೀಪ ಹಾಕಿ ನೋಡಿದ, ಉರಿಯುತ್ತಿತ್ತು. ದೀಪವಿದೆ, ಬ್ಯಾಟರಿ ತುಂಬಿದೆ, ಮತ್ತೆ ಇದಕ್ಕೇನು ಬಂತು ರೋಗ? ಸಿಟ್ಟಿನಿಂದ ಹಾರನ್ ಒತ್ತಿ ಹಿಡಿದ.

"ಅಣ್ಣಾ, ಹಾರನ್ ಹೊಡೆದರೆ ಕೂಸು ಸೈಡು ಕೊಡುತ್ತದೇನು?" ಎಂದು ತಂಗಿ ನೋವಿನಲ್ಲೇ ಬೈದಳು. ಮರುಕ್ಷಣ ಕಾಲು ಎತ್ತಿಕೊಂಡಳು. "ಇಲ್ಲಿ ಕೆಳಗೆ ಸುಡುತ್ತಿದೆ ನೋಡು."

ಅವನು ಹಾಸನ್ನೆತ್ತಿ ಕೇಬಲ್ ಮುಟ್ಟಿದ. ಕಾದ ಹೆಂಚು ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡ. ಬ್ಯಾಟರಿ ಕೊಡಬೇಕಾದದ್ದನ್ನು ಕೊಟ್ಟಿತ್ತು. ಎಂಜಿನ್ ಬಾಯಿ ತೆರೆದು ನಿಂತಿತ್ತು. ಕೊಟ್ಟದ್ದೆಲ್ಲ ನಡುದಾರಿಯಲ್ಲೇ ಬೆಂಕಿಯಾಗಿ ತೀರಿಹೋಗಿತ್ತು.

ಓಣಿಯ ಜನ ಸೇರಿ ಕಾರನ್ನು ತಳ್ಳಿದರು. ಇಳಿಜಾರಿನಲ್ಲಿ ಎಂಜಿನ್ ಹತ್ತಿಕೊಂಡಿತು. ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದಕ್ಕೂ ಕೂಸು ಹುಟ್ಟುವುದಕ್ಕೂ ಸರಿಹೋಯಿತು. ತಾಯಿ ಮಗು ಉಳಿದರು.

ಡ್ರೈವರ್ ತಲೆ ತಗ್ಗಿಸಿಕೊಂಡು ಅದೇ ಅಂಗಡಿಗೆ ಹೋದ. ಅವಳು ಹೆಬ್ಬೆರಳಿಗಿಂತ ದಪ್ಪನೆಯ ಕೇಬಲ್ ಕತ್ತರಿಸಿದಳು. ಕರೆಂಟು ಹೋಗುವ ಕೆಂಪು ಕೇಬಲ್ಲಿಗೆ ಎಷ್ಟು ದಪ್ಪವೋ ಅದು ಮರಳುವ ಕಪ್ಪು ಕೇಬಲ್ಲಿಗೂ ಅಷ್ಟೇ ದಪ್ಪ ಕೊಟ್ಟಳು.

ಅವನು ಅದನ್ನು ಜೋಡಿಸಿ ಕೀಗೆ ಕೈ ಹಚ್ಚಿದ. ಕೀ ಪೂರ್ತಿ ತಿರುಗುವ ಮೊದಲೇ ಎಂಜಿನ್ ಗುಡುಗಿತು. ಅವನು ಇಳಿದು ಬಂದು ಹಿಂದಿನ ಬಾಗಿಲಲ್ಲಿ ಮೊಣಕಾಲೂರಿ ಹಾಸನ್ನೆತ್ತಿದ. ಹೆದರುತ್ತ ಹೆದರುತ್ತ ಕೇಬಲ್ ಮೇಲೆ ಅಂಗೈ ಇಟ್ಟ.

ಕೇಬಲ್ ತಣ್ಣಗಿತ್ತು. ಮುಂಜಾನೆಯ ಬಾವಿಹಗ್ಗದಷ್ಟು ತಣ್ಣಗಿತ್ತು.

ಅವನು ಕೂಡಲೇ ಕೈ ತೆಗೆಯಲಿಲ್ಲ. ಮಲಗಿದ್ದ ಅಷ್ಟು ಕಬ್ಬಿಣವನ್ನು ಎಬ್ಬಿಸಿದ ಬಲ ಈಗತಾನೆ ಇದರೊಳಗಿಂದ ಹೋಗಿತ್ತು. ಸಿಡಿಲಿನ ಕುಲದ್ದು ಅದು. ಆದರೆ ಕೇಬಲ್ ಅದರಲ್ಲಿ ತನಗೆಂದು ಏನನ್ನೂ ಇಟ್ಟುಕೊಂಡಿರಲಿಲ್ಲ. ಆನೆ ಹಾದ ದಾರಿಯಲ್ಲಿ ಒಂದು ಹುಲ್ಲೂ ಬಾಗಿರಲಿಲ್ಲ.

ತಂಗಿ ಕೂಸನ್ನೆತ್ತಿಕೊಂಡು ಕಾರಿನ ಬಳಿಗೆ ಬಂದಳು. "ಏನಣ್ಣಾ, ತಂತಿಗೆ ಕೈ ಮುಗಿಯುತ್ತಿದ್ದೀಯಾ?"

ತನಗೇ ತಿಳಿಯದೆ ಅವನು ಕೈ ಮುಗಿದಿದ್ದ. ಕೂಸನ್ನು ಕೈಗೆ ತೆಗೆದುಕೊಂಡು ಅದರ ಪುಟ್ಟ ಅಂಗೈಯನ್ನು ಕೇಬಲ್ ಮೇಲಿಟ್ಟ. ಎಂಜಿನ್ ಗುಡುಗುತ್ತಲೇ ಇತ್ತು. ಕೂಸು ಅಳಲಿಲ್ಲ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಮಡಿವಾಳಯ್ಯ ತನ್ನ ಬಲಗೈಯನ್ನೇ ನೋಡುತ್ತ ಕುಳಿತಿದ್ದ. ಅವನು ಕೇಳಿದ: "ಹಾಗಾದರೆ ನಾನು ಇಲ್ಲಿರಲೋ, ಹೋಗಲೋ?"

"ಹೋಗು, ನಿನ್ನ ಕೈ ಬಿಸಿಯೋ ತಣ್ಣಗೋ, ಆ ಮಗು ಮುಟ್ಟಿ ಹೇಳಲಿ."